ಬಾಸ್ಕೆಟ್‌ಬಾಲ್ ಆಡದ ಹುಡುಗ

2013ರ ಮಾತು. ಆಗ ನಾವು ಅಮೆರಿಕದ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದ್ದೆವು. ವಾರಕ್ಕೊಂದು ಸಂಜೆ ಬಾರ್ಟ್ ಟ್ರೇನ್ ಹತ್ತಿ, ಓಕ್‌ಲ್ಯಾಂಡಿನ ಫ್ರೂಟ್‌ವೇಲ್‌ನಲ್ಲಿ ಇಳಿದು, ಒಂದು ಮಿಡಲ್ ಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡಲು ಹೋಗುತ್ತಿದ್ದೆ. ಸಂಬಳವಿಲ್ಲದ ಕೆಲಸ, ಸುಮ್ನೆ ಮನಸ್ಸಿಗೆ ಸಮಾಧಾನ.

ಮೊದಲ ದಿನ ನನ್ನ ಪಾಲಿಗೆ ಬಂದವನು ಕಪ್ಪು ಜನಾಂಗದ ಹುಡುಗ, ಹದಿಮೂರು ವರ್ಷ. ಸ್ವೆಟ್‌ಶರ್ಟಿನ ಟೋಪಿ ಕಣ್ಣಿನವರೆಗೆ ಎಳೆದುಕೊಂಡು ಕೂತಿದ್ದ. ನಾನು ಹಿಂದಿನ ರಾತ್ರಿಯೇ ಕೂತು, ಶೇಕಡಾ ಲೆಕ್ಕಗಳನ್ನೆಲ್ಲ ಬಾಸ್ಕೆಟ್‌ಬಾಲ್‌ಗೆ ಹೊಂದಿಸಿ ಬರೆದುಕೊಂಡು ಹೋಗಿದ್ದೆ. ಜಾಣತನ ಅಂದುಕೊಂಡಿದ್ದೆ. ಹಾಳೆ ನೋಡಿ ಅವನು ಹೇಳಿದ್ದು ಇಷ್ಟೇ: "ನಾನು ಬಾಸ್ಕೆಟ್‌ಬಾಲ್ ಆಡಲ್ಲ. ಎಲ್ಲರೂ ಅದನ್ನೇ ಯಾಕೆ ಕೇಳ್ತೀರಿ?"

ಮುಖ ಎಲ್ಲಿಟ್ಟುಕೊಳ್ಳಲಿ? ಆಮೇಲೆ ನಿಜ ಹೇಳಿಬಿಟ್ಟೆ. ಇಂಡಿಯಾದವನು ಅಂದ ತಕ್ಷಣ ಈ ಶಾಲೆಯವರು ನನಗೆ ಲೆಕ್ಕವನ್ನೇ ಕೊಟ್ಟರು, ಪಿಯುಸಿಯಲ್ಲಿ ನನಗೆ ಲೆಕ್ಕದಲ್ಲಿ ಬಂದದ್ದು ನೂರಕ್ಕೆ 41 ಅಂತ. ಅವನು ಟೋಪಿ ಹಿಂದಕ್ಕೆ ತಳ್ಳಿ ನಕ್ಕ.

ಶನಿವಾರ ಅವನು ಮಾವನ ಕಟಿಂಗ್ ಶಾಪಿನಲ್ಲಿ ಕಸ ಗುಡಿಸುತ್ತಾನಂತೆ. ಪ್ರತಿ ಕುರ್ಚಿಯ ಸಂಪಾದನೆಯಲ್ಲಿ ಮಾವನಿಗೆ ಶೇ. 40. "35 ಡಾಲರಿಗೆ ಎಷ್ಟು?" ಅಂದೆ. "14. ಹತ್ತು ಪರ್ಸೆಂಟ್ ಮೂರೂವರೆ, ಅದರ ನಾಲ್ಕು ಪಟ್ಟು," ಅಂದ, ಕಣ್ಣು ಮಿಟುಕಿಸುವಷ್ಟರಲ್ಲಿ. ಇದೇ ಲೆಕ್ಕದ ಟೆಸ್ಟಿನಲ್ಲಿ ಅವನು ಖಾಲಿ ಹಾಳೆ ಕೊಟ್ಟಿದ್ದ!

ಮುಂದಿನ ವಾರ ಅವನಿರಲಿಲ್ಲ. ಎರಡು ದಿನ ಸಸ್ಪೆಂಡ್. ಟೋಪಿ ತೆಗೆ ಅಂದಾಗ ತೆಗೆಯದೆ, "ಯಾಕೆ?" ಅಂತ ಕೇಳಿದ್ದನಂತೆ. ಇದಕ್ಕೆ ಕ್ಯಾಲಿಫೋರ್ನಿಯಾದಲ್ಲಿ ಒಂದು ಹೆಸರೇ ಇತ್ತು, 'ವಿಲ್‌ಫುಲ್ ಡಿಫೈಯನ್ಸ್', ಅಂದರೆ ಬೇಕಂತಲೇ ಎದುರಾಡುವುದು. ಯಾವುದನ್ನು ಬೇಕಾದರೂ ಅದರೊಳಗೆ ತುರುಕಬಹುದು, ಅಲ್ವಾ? ಈ ಕಾರಣಕ್ಕೆ ಮಕ್ಕಳನ್ನು ಸಸ್ಪೆಂಡ್ ಮಾಡುವುದನ್ನು ನಿಲ್ಲಿಸಲು ಓಕ್‌ಲ್ಯಾಂಡ್ ಶಾಲಾ ಮಂಡಳಿ 2015ರಲ್ಲಿ ತೀರ್ಮಾನಿಸಿತು. ದೇಶದ ಲೆಕ್ಕ ಇನ್ನೂ ಕಹಿ. 2017-18ರಲ್ಲಿ ಸರ್ಕಾರಿ ಶಾಲೆಗಳಲ್ಲಿ ಕಪ್ಪು ಹುಡುಗರು ನೂರಕ್ಕೆ ಎಂಟು ಜನವೂ ಇರಲಿಲ್ಲ, ಸಸ್ಪೆಂಡ್ ಆಗಿ ಮನೆಗೆ ಹೋದವರಲ್ಲಿ ಮಾತ್ರ ಹತ್ತಿರ ಹತ್ತಿರ ಕಾಲು ಭಾಗ ಅವರೇ.

ಇದೇ ಓಕ್‌ಲ್ಯಾಂಡಿನಲ್ಲಿ 2010ರಿಂದ ಕಪ್ಪು ಹುಡುಗರಿಗೆಂದೇ ಒಂದು ತರಗತಿ ಶುರುವಾಗಿತ್ತು, ಪಾಠ ಮಾಡುವವರೂ ಅವರ ಜನಾಂಗದ ಗಂಡಸರೇ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಥಾಮಸ್ ಡೀ ಮತ್ತು ಜೊತೆಯವರು ಲೆಕ್ಕ ಹಾಕಿದಾಗ, ಅದು ಸಿಕ್ಕ ಹೈಸ್ಕೂಲುಗಳಲ್ಲಿ ಈ ಹುಡುಗರು ಓದು ಬಿಡುವುದು ಶೇ. 43ರಷ್ಟು ಇಳಿದಿತ್ತು. ವಾರಕ್ಕೊಮ್ಮೆ ಬಂದು ಹೋಗುವ ನನ್ನಂಥವನಿಂದ ಅಷ್ಟೆಲ್ಲ ಆಗಲ್ಲ ಬಿಡಿ.

ಮತ್ತೆ ಬಂದ ದಿನ ಅವನೇ ನನಗೊಂದು ಲೆಕ್ಕ ತಂದಿದ್ದ. ಮಾವ 25 ಡಾಲರಿನ ಕಟಿಂಗ್ ರೇಟನ್ನು ಶೇ. 20 ಏರಿಸಿದ, ಗಿರಾಕಿಗಳು ಕೂಗಾಡಿದರು ಅಂತ ಆಮೇಲೆ ಶೇ. 20 ಇಳಿಸಿದ. ಈಗೆಷ್ಟು?

"ಇಪ್ಪತ್ತೈದೇ ಅಲ್ಲವೇನೋ," ಅಂದೆ, ಯೋಚಿಸದೆ.

"24," ಅಂದ. ನನ್ನ ಹಾಳೆ ಎಳೆದುಕೊಂಡು, ಕೆಂಪು ಪೆನ್ನಿನಲ್ಲಿ ದೊಡ್ಡದಾಗಿ 41 ಅಂತ ಬರೆದ.