ಖಾಲಿ ಬಿಟ್ಟ ಜಾಗಕ್ಕೊಂದು ಡಿವಿಡಿ ಡ್ರೈವ್

ಅಜ್ಜನ ತಾಳಮದ್ದಳೆಯ ಅರ್ಥಗಾರಿಕೆ ಉಳಿದಿರುವುದು ಹದಿನಾಲ್ಕು ಸಿಡಿಗಳಲ್ಲಿ ಮಾತ್ರ. ಮಳೆಗಾಲದ ತೇವಕ್ಕೆ ಕ್ಯಾಸೆಟ್‌ಗಳಿಗೆ ಬೂಷ್ಟು ಹಿಡಿಯತೊಡಗಿದಾಗ, 2006ರಲ್ಲಿ, ಅಪ್ಪ ಶಿರಸಿಯಲ್ಲಿ ಎಲ್ಲವನ್ನೂ ಎಂಪಿ3 ಮಾಡಿಸಿ ಸಿಡಿಗೆ ಹಾಕಿಸಿದ್ದರು. ಈಗ ಕ್ಯಾಸೆಟ್ಟೂ ಇಲ್ಲ, ಸಿಡಿ ಪ್ಲೇಯರೂ ಇಲ್ಲ. ಅಪ್ಪನಿಗೆಂದು ಎತ್ತಿಟ್ಟಿದ್ದ ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಡ್ರೈವ್ ಇರಲಿಲ್ಲ. ಹೊರಗಿನಿಂದ ಸಿಕ್ಕಿಸುವ ಯುಎಸ್‌ಬಿ ಡಿವಿಡಿ ಡ್ರೈವ್ ತರಬಹುದಿತ್ತು. ಆದರೆ ಅವರ ಕಣ್ಣು ಮಂಜು. ಜಾರುವ ಡಬ್ಬಿ, ತೂಗಾಡುವ ವೈರು ಅವರಿಗಾಗದು. ಬೆರಳಿನಿಂದ ತಡವಿದರೆ ಗುಂಡಿ ಸಿಗಬೇಕು, ಒತ್ತಿದರೆ ತಟ್ಟೆ ಹೊರಗೆ ಬರಬೇಕು.

ಆ ಲ್ಯಾಪ್‌ಟಾಪಿನ ಬಲಬದಿಯಲ್ಲಿ ಡ್ರೈವಿನ ಆಕಾರವೇನೋ ಇತ್ತು. ಗುಂಡಿಯಿಲ್ಲ, ದೀಪವಿಲ್ಲ, ಬರೀ ಪ್ಲಾಸ್ಟಿಕ್ ಮುಚ್ಚಳ. ಸರ್ವಿಸ್ ಸೆಂಟರಿನಲ್ಲಿ ಕೇಳಿದರೆ “ಈ ಮಾಡೆಲ್‌ಗೆ ಸಪೋರ್ಟ್ ಇಲ್ಲ” ಎಂದರು. ಆ ಮಾತು ನನಗೆ ಸರಿಬರಲಿಲ್ಲ. ಇದೇ ಸರಣಿಯ ದುಬಾರಿ ಮಾಡೆಲ್‌ನಲ್ಲಿ ಡ್ರೈವ್ ಇದೆಯಲ್ಲ?

ಒಂದು ಭಾನುವಾರ ಬೆಳಿಗ್ಗೆ ತಳದ ಸ್ಕ್ರೂಗಳನ್ನೆಲ್ಲ ಬಿಚ್ಚಿ, ಮೊದಲು ಬ್ಯಾಟರಿಯ ಕನೆಕ್ಟರ್ ಕಿತ್ತೆ. ಪ್ಲಾಸ್ಟಿಕ್ ಡಮ್ಮಿಯನ್ನು ಒಂದೇ ಒಂದು ಸ್ಕ್ರೂ ಹಿಡಿದಿತ್ತು. ಅದರ ಹಿಂದೆ ಕನೆಕ್ಟರ್ ಬೋರ್ಡ್ ಇರಬೇಕಾದ ಜಾಗ ಖಾಲಿ. ಟಾರ್ಚ್ ಹಾಕಿ ಮದರ್‌ಬೋರ್ಡಿನ ಅಂಚು ನೋಡಿದೆ. ಅಲ್ಲಿ ಚಪ್ಪಟೆ ಕೇಬಲ್ ಸಿಕ್ಕಿಸುವ ಕನೆಕ್ಟರ್ ಬೆಸುಗೆಯಾಗಿಯೇ ಇತ್ತು! ಬೋರ್ಡ್ ಎರಡೂ ಮಾಡೆಲ್‌ಗೆ ಒಂದೇ. ಇದಕ್ಕೆ ಡ್ರೈವ್ ಕೊಡಲಿಲ್ಲ, ಅಷ್ಟೆ. ಬೆಸುಗೆಯ ಜಾಗದಲ್ಲಿ ಬರೀ ತಾಮ್ರದ ಚುಕ್ಕೆಗಳಿದ್ದಿದ್ದರೆ ನಾನು ಅಲ್ಲಿಗೇ ಕೈಬಿಡುತ್ತಿದ್ದೆ.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅದೇ ಸರಣಿಯ ಗುಜರಿ ಲ್ಯಾಪ್‌ಟಾಪ್ ಹುಡುಕಲು ಮಧ್ಯಾಹ್ನವೆಲ್ಲ ಹೋಯಿತು. ಪುಟ್ಟ ಕನೆಕ್ಟರ್ ಬೋರ್ಡು, ಗುಂಡಿಯಿರುವ ಮುಂಪಟ್ಟಿ ಎರಡೂ ಸಿಕ್ಕವು. ಡ್ರೈವ್ ಮಾತ್ರ ಬೇರೆ ಅಂಗಡಿಯಲ್ಲಿ ಕೊಂಡೆ, ಅಳೆಯದೆ. ಮನೆಗೆ ಬಂದು ತೂರಿಸಿದರೆ ಬಾಯಿಗೇ ಸಿಕ್ಕಿಕೊಂಡಿತು. ನಾನು ತಂದಿದ್ದು 12.7 ಮಿ.ಮೀ. ದಪ್ಪದ್ದು, ಅಲ್ಲಿ ಹಿಡಿಸುವುದು 9.5. ಮರುದಿನ ಬದಲಾಯಿಸಿಕೊಂಡು ಬಂದೆ.

ಆಮೇಲೂ ಡ್ರೈವ್ ಮಿಸುಕಲಿಲ್ಲ. ಲ್ಯಾಪ್‌ಟಾಪ್ ಡ್ರೈವನ್ನು ಮದರ್‌ಬೋರ್ಡಿಗೆ ಜೋಡಿಸುವ ‘ಸಾಟಾ’ ಎಂಬ ಬಗೆಯ ಕನೆಕ್ಟರಿನಲ್ಲಿ ದತ್ತಾಂಶಕ್ಕೆ ಏಳು ಪಿನ್, ವಿದ್ಯುತ್ತಿಗೆ ಆರು. ಕರೆಂಟು ಬರೀ 5 ವೋಲ್ಟ್. ಮಲ್ಟಿಮೀಟರ್ ಹಿಡಿದರೆ ಆ 5 ವೋಲ್ಟೇ ಅಲ್ಲಿಗೆ ಬಂದಿರಲಿಲ್ಲ. ಅರ್ಧ ರಾತ್ರಿ ತಲೆ ಕೆಡಿಸಿಕೊಂಡ ಮೇಲೆ, ಮದರ್‌ಬೋರ್ಡಿಗೂ ಪುಟ್ಟ ಬೋರ್ಡಿಗೂ ನಡುವೆ ಹಾಕಿದ್ದ ಚಪ್ಪಟೆ ಕೇಬಲನ್ನು ಬೆಳಕಿಗೆ ತಿರುಗಿಸಿ ನೋಡಿದೆ. ಎರಡೂ ತುದಿಯ ಲೋಹದ ಗೆರೆಗಳು ಒಂದೇ ಮುಖದಲ್ಲಿದ್ದವು. ನನಗೆ ಬೇಕಿದ್ದದ್ದು ಒಂದು ತುದಿ ಮೇಲ್ಮುಖ, ಇನ್ನೊಂದು ಕೆಳಮುಖ ಇರುವುದು. ಪಿನ್ ಲೆಕ್ಕ ಸರಿಯಿದ್ದರೂ ಗೆರೆಗಳು ಕನೆಕ್ಟರಿನ ಪಿನ್ನುಗಳನ್ನು ಮುಟ್ಟುತ್ತಲೇ ಇರಲಿಲ್ಲ.

ಸರಿಯಾದ ಕೇಬಲ್ ಹಾಕಿದ ಸಂಜೆ ದೀಪ ಮಿನುಗಿತು. ಲ್ಯಾಪ್‌ಟಾಪ್ ಚಾಲೂ ಆಗುವಾಗ ಮೊದಲು ಓಡುವ ತಂತ್ರಾಂಶವಾದ ಬಯಾಸ್‌ನ ಪಟ್ಟಿಯಲ್ಲಿ ಡ್ರೈವಿನ ಹೆಸರಿಲ್ಲ, ಇವತ್ತಿಗೂ ಇಲ್ಲ. ಅದರಿಂದ ಬೂಟ್ ಮಾಡಲು ಬರುವುದಿಲ್ಲ. ಆದರೆ ಅದರಲ್ಲಿರುವ ಕಾರ್ಯಾಚರಣ ವ್ಯವಸ್ಥೆ ಲಿನಕ್ಸ್ ಸಾಟಾ ಪೋರ್ಟುಗಳನ್ನು ತಾನೇ ತಡಕಿ ನೋಡುತ್ತದೆ. ಪರದೆಯ ಮೇಲೆ ‘ಎಸ್‌ಆರ್0’ ಎಂಬ ಸಾಲು ಬಂತು, ಲಿನಕ್ಸ್ ಇಂಥ ಡ್ರೈವಿಗೆ ಇಡುವ ಹೆಸರದು. ಬಯಾಸ್ ಆ ಪೋರ್ಟನ್ನೇ ಮುಚ್ಚಿಟ್ಟಿದ್ದರೆ ಇಷ್ಟೂ ದುಡಿಮೆ ನೀರುಪಾಲಾಗುತ್ತಿತ್ತು ಎಂಬ ಭಯ ಕೊನೆಯವರೆಗೂ ಇತ್ತು.

ಊರಿಗೆ ಒಯ್ದು ಜಗಲಿಯಲ್ಲಿಟ್ಟೆ. ಅಪ್ಪ ಅಂಚನ್ನು ತಡವಿ, ಗುಂಡಿ ಒತ್ತಿ, ಸಿಡಿಯನ್ನು ನಡುವಿನ ಗುಬುಟಿಗೆ ಟಕ್ಕೆಂದು ಕೂರಿಸಿದರು. ಮದ್ದಳೆಯ ಪೆಟ್ಟು, ಭಾಗವತರ ಪದ, ಆಮೇಲೆ ಅಜ್ಜ: ಮರದ ಮರೆಯಿಂದ ಬಾಣ ಬಿಟ್ಟೆಯಲ್ಲ ರಾಮ, ಎಂದು ವಾಲಿಯಾಗಿ ಕೇಳುತ್ತಿದ್ದ. ಅಪ್ಪ ಮುಂದಿನ ಮಾತನ್ನು ಅಜ್ಜನಿಗಿಂತ ಅರೆಗಳಿಗೆ ಮೊದಲೇ ಮೆಲ್ಲಗೆ ಹೇಳುತ್ತಿದ್ದರು.

ಹದಿಮೂರು ಸಿಡಿಗಳನ್ನು ಅಂದೇ ಹಾರ್ಡ್‌ಡಿಸ್ಕಿಗೆ ನಕಲು ಮಾಡಿದೆ. ಒಂಬತ್ತನೆಯದರ ಹೊರ ಅಂಚಿನಲ್ಲಿ ಗೀರಿದೆ. ಕೆಟ್ಟ ಡಿಸ್ಕಿನಿಂದ ಸಿಕ್ಕಷ್ಟನ್ನು ಓದಿ ತೆಗೆಯುವ ಡಿಡಿರೆಸ್ಕ್ಯೂ ತಂತ್ರಾಂಶ ಹಾಕಿ ಮಲಗಿದೆ. ಬೆಳಗಿನ ಜಾವ ಎದ್ದಾಗ ಡ್ರೈವ್ ಇನ್ನೂ ತಿರುಗುತ್ತಿತ್ತು, ಅಪ್ಪ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು.