ರಾತ್ರಿಯೂ ಆರದ ತಾರಸಿ

ಏಪ್ರಿಲ್ ಬಂತೆಂದರೆ ಮೇಲಿನ ಮಹಡಿಯ ಮನೆಗಳಲ್ಲಿ ಒಂದೇ ಗೋಳು. ಹೊರಗೆ ಗಾಳಿ ತಣ್ಣಗಾಗಿರುತ್ತದೆ, ಒಳಗೆ ಮಾತ್ರ ಧಗೆ ಇಳಿಯುವುದಿಲ್ಲ. ಕಿಟಕಿ ತೆಗೆದು ಫ್ಯಾನನ್ನು ಐದಕ್ಕೆ ತಿರುಗಿಸಿದರೂ ಅಷ್ಟೇ. ಆ ಸೆಕೆ ಬರುತ್ತಿರುವುದು ಗಾಳಿಯಿಂದಲ್ಲ, ತಲೆಯ ಮೇಲಿನ ಮೋಲ್ಡಿನಿಂದ.

ಇದನ್ನು ಕೈಯಾರೆ ನೋಡಬಹುದು. ಸಂಜೆ ಏಳರ ಹೊತ್ತಿಗೆ ಫ್ಯಾನ್ ಆರಿಸಿ, ಅದು ಪೂರ್ತಿ ನಿಂತ ಮೇಲೆ ಸ್ಟೂಲ್ ಹತ್ತಿ. ಅಂಗೈಯನ್ನು ಸೂರಿಗೆ ತಾಗಿಸದೆ ನಾಲ್ಕು ಬೆರಳು ಕೆಳಗೆ ಹಿಡಿಯಿರಿ. ಒಲೆಯ ಮುಂದೆ ಹಿಡಿದಂತೆ ಕಾವು ತಾಗುತ್ತದೆ. ಈಗ ರೊಟ್ಟಿ ಸುತ್ತುವ ಅಲ್ಯೂಮಿನಿಯಂ ಹಾಳೆಯನ್ನು ಒಂದು ರಟ್ಟಿಗೆ ಸುತ್ತಿ ಕೈಗೂ ಸೂರಿಗೂ ನಡುವೆ ತನ್ನಿ. ಕಾವು ತಟ್ಟನೆ ನಿಲ್ಲುತ್ತದೆ. ಬಿಸಿ ಗಾಳಿ ಮೇಲೆಯೇ ನಿಲ್ಲುವಂಥದ್ದು, ತಾನಾಗಿ ಕೆಳಗಿಳಿಯದು. ಹಾಗಾಗಿ ಸೂರಿನ ಶಾಖ ಮಂಚದವರೆಗೆ ಬರುವುದು ಬಹುಪಾಲು ವಿಕಿರಣವಾಗಿ, ಬಿಸಿಲು ಬಂದ ಹಾಗೆಯೇ. ಮೇಲೆ ನಿಂತ ಬಿಸಿ ಗಾಳಿಯನ್ನು ಕೆಳಕ್ಕೆ ನೂಕುವ ಕೆಲಸವನ್ನು ಸೀಲಿಂಗ್ ಫ್ಯಾನ್ ಮಾಡಿಕೊಡುತ್ತದೆ. ಅದಕ್ಕೇ ರಾತ್ರಿ ಹೊತ್ತು ಕಿಟಕಿಯಲ್ಲಿಟ್ಟು ಹೊರಗಿನ ಗಾಳಿ ಎಳೆಯುವ ಟೇಬಲ್ ಫ್ಯಾನೇ ವಾಸಿ.

ಕಾಂಕ್ರೀಟಿನೊಳಗೆ ಶಾಖ ನಿಧಾನವಾಗಿ ಸಾಗುತ್ತದೆ. ಐದು ಇಂಚಿನ ಮೋಲ್ಡಿನಲ್ಲಿ ಮೇಲ್ಮೈಯ ಬಿಸಿ ಒಳಮೈಗೆ ಮುಟ್ಟಲು ಮೂರರಿಂದ ನಾಲ್ಕು ಗಂಟೆ ಬೇಕು. ಮಧ್ಯಾಹ್ನ ಒಂದೂವರೆಯ ಉರಿ ಐದರ ಸುಮಾರಿಗೆ ಸೂರಿನ ಒಳಮೈಗೆ ಬರುತ್ತದೆ, ಅಲ್ಲಿಂದ ನಡುರಾತ್ರಿವರೆಗೂ ಕೋಣೆಗೆ ಸುರಿಯುತ್ತಲೇ ಇರುತ್ತದೆ. ಕಲ್ಯಾಣ ಕರ್ನಾಟಕದ ಹಳೆಯ ಮಾಳಿಗೆ ಮನೆಗಳಲ್ಲಿ ಸೂರಿನ ಮಣ್ಣು ಒಂದು ಅಡಿ ದಪ್ಪ ಇದ್ದರೆ ಈ ಪಯಣಕ್ಕೆ ಹತ್ತು ಗಂಟೆ ಹಿಡಿಯುತ್ತದೆ. ಅಷ್ಟು ಹೊತ್ತಿಗೆ ಏರಿಳಿತವೂ ಹೆಚ್ಚುಕಡಿಮೆ ಸವೆದುಹೋಗಿರುತ್ತದೆ. ಐದು ಇಂಚು ಎನ್ನುವುದು ನಮ್ಮ ದುರದೃಷ್ಟದ ದಪ್ಪ: ಶಾಖವನ್ನು ತಡೆಯುವಷ್ಟು ದಪ್ಪವಲ್ಲ, ಬೇಗ ಆರುವಷ್ಟು ತೆಳುವೂ ಅಲ್ಲ.

ಸ್ವಲ್ಪ ಲೆಕ್ಕ ಹಾಕೋಣ. ಹತ್ತು ಅಡಿಗೆ ಹನ್ನೆರಡು ಅಡಿ ಕೋಣೆಯ ಮೇಲಿನ ಮೋಲ್ಡ್ ಸುಮಾರು 3.4 ಟನ್ ತೂಗುತ್ತದೆ. ಅದು 10 ಡಿಗ್ರಿ ಹೆಚ್ಚು ಕಾದರೆ ಒಳಗೆ ಕೂಡಿಟ್ಟುಕೊಳ್ಳುವ ಶಾಖ ಎಂಟು ಯೂನಿಟ್ ಕರೆಂಟಿಗೆ ಸಮ. ಒಂದು ಕಿಲೋವ್ಯಾಟ್ ಹೀಟರನ್ನು ಎಂಟು ಗಂಟೆ ಉರಿಸಿದಂತೆ.

ಇದನ್ನು ತೆಗೆಯಲು ಸಂಜೆ ತಾರಸಿಗೆ ನೀರು ಹೊಡೆಯುವವರು ಬಹಳ, ಆದರೆ ಹೆಚ್ಚಿನವರು ಹೊಡೆಯುವ ರೀತಿ ತಪ್ಪು. ಒಂದು ಲೀಟರ್ ನೀರು ಆವಿಯಾದರೆ ಹೊತ್ತೊಯ್ಯುವುದು ಒಂದು ಯೂನಿಟ್ಟಿನ ಮೂರನೇ ಎರಡು ಪಾಲು ಶಾಖ. ಅಂದರೆ ಆ ಎಂಟು ಯೂನಿಟ್ಟಿಗೆ ಸುಮಾರು 12 ಲೀಟರ್ ಸಾಕು, ಒಂದು ದೊಡ್ಡ ಬಕೆಟ್ ಕೂಡ ಬೇಡ. ಅದೇ 12 ಲೀಟರನ್ನು ದಬದಬ ಸುರಿದು, ಅದು 15 ಡಿಗ್ರಿ ಬಿಸಿಯಾಗಿ ಪೈಪಿನಲ್ಲಿ ಇಳಿದುಹೋದರೆ ಒಯ್ಯುವುದು ಕಾಲು ಯೂನಿಟ್ಟೂ ಇಲ್ಲ. ಕೆಲಸ ಮಾಡುವುದು ಆವಿಯೇ, ಹರಿಯುವ ನೀರಲ್ಲ. ಹಾಗಾಗಿ ತೆಳ್ಳಗೆ ಚಿಮುಕಿಸಬೇಕು, ಆರಿದ ಮೇಲೆ ಮತ್ತೆ ಚಿಮುಕಿಸಬೇಕು. ಗೋಣಿಚೀಲ ಹಾಸಿ ನೆನೆಸಿಟ್ಟರೆ ಇನ್ನೂ ಒಳ್ಳೆಯದು. ಆವಿಯಾಗಲು ಬೇಕಾದ ಶಾಖದಲ್ಲಿ ಒಂದಿಷ್ಟು ಸುತ್ತಲಿನ ಗಾಳಿಯಿಂದಲೂ ಬರುವುದರಿಂದ ಲೆಕ್ಕಕ್ಕಿಂತ ತುಸು ಹೆಚ್ಚೇ ನೀರು ಹಿಡಿಯುತ್ತದೆ. ರಾಯಚೂರಿನ ಒಣ ಗಾಳಿಯಲ್ಲಿ ಇದು ಚೆನ್ನಾಗಿ ಫಲಿಸುತ್ತದೆ. ಉಡುಪಿ, ಮಂಗಳೂರಿನ ಕಡೆ ಗಾಳಿಯೇ ತೇವದಿಂದ ತುಂಬಿರುವುದರಿಂದ ಅಷ್ಟಕ್ಕಷ್ಟೆ. ನಡುಮಧ್ಯಾಹ್ನ ಮಾತ್ರ ನೀರು ಹಾಕಬೇಡಿ. ಕಾದ ಮೇಲ್ಮೈ ಹಠಾತ್ತನೆ ಕುಗ್ಗಿ ಕೂದಲೆಳೆಯ ಬಿರುಕು ಬಿಡುತ್ತದೆ, ಆ ಬಿರುಕಿನಲ್ಲಿ ನೀರು ಇಳಿದು ಒಳಗಿನ ಕಂಬಿ ತುಕ್ಕು ಹಿಡಿಯುತ್ತದೆ.

ಆದರೆ ಒಳಬಂದ ಶಾಖವನ್ನು ತೆಗೆಯುವುದಕ್ಕಿಂತ ಒಳಗೆ ಬಿಡದಿರುವುದೇ ಸುಲಭ. ಹಳೆಯ ಬೂದುಬಣ್ಣದ ತಾರಸಿ ಬಿಸಿಲಿನ ಅರ್ಧಕ್ಕಿಂತ ಎಷ್ಟೋ ಹೆಚ್ಚನ್ನು ಹೀರುತ್ತದೆ. ಹೊಸದಾಗಿ ಬಳಿದ ಸುಣ್ಣ ಬಹುಪಾಲನ್ನು ಮೇಲಕ್ಕೇ ಅಟ್ಟುತ್ತದೆ. ಒಂದು ಕೆಜಿ ಸುಟ್ಟ ಸುಣ್ಣದ ಹರಳಿಗೆ ಐದು ಲೀಟರ್ ನೀರು. ನೀರಿಗೆ ಹರಳು ಹಾಕಬೇಕೇ ಹೊರತು ಹರಳಿನ ಮೇಲೆ ನೀರು ಸುರಿಯಬಾರದು. ಕುದಿದು ಸಿಡಿಯುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. ಕನ್ನಡಕ ಹಾಕಿಕೊಳ್ಳಿ. ಪ್ಲಾಸ್ಟಿಕ್ ಬಕೆಟ್ ಬೇಡ, ಕಬ್ಬಿಣದ ಡ್ರಮ್ ಇರಲಿ. ಒಂದು ದಿನ ಬಿಟ್ಟು ಬಟ್ಟೆಯಲ್ಲಿ ಸೋಸಿ, ಬಿಸಿನೀರಿನಲ್ಲಿ ಕರಗಿಸಿದ ಅಂಟನ್ನು ಲೀಟರಿಗೆ ಎರಡು ಗ್ರಾಂ ಲೆಕ್ಕದಲ್ಲಿ ಬೆರೆಸಿ. ಹದ ಹಾಲಿನಂತಿರಬೇಕು, ಮೊಸರಿನಂತಲ್ಲ. ದಪ್ಪ ಬಳಿದರೆ ಹಕ್ಕಳೆಯಾಗಿ ಏಳುತ್ತದೆ. ಧೂಳು, ಪಾಚಿ ಉಜ್ಜಿ ತೊಳೆದು, ಇನ್ನೂ ತೇವ ಇರುವಾಗಲೇ ಸಂಜೆ ಬಳಿಯಿರಿ. ಸುಣ್ಣ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿ ಮತ್ತೆ ಕಲ್ಲಾಗಬೇಕಾದರೆ ತೇವ ಬೇಕು. ಬಿಸಿಲಿನಲ್ಲಿ ಬಳಿದದ್ದು ಬೇಗ ಒಣಗಿ, ಕೈಗೆ ಹಿಟ್ಟಿನಂತೆ ಅಂಟಿ ಬರುವುದು ಇದಕ್ಕೇ. ದಿನಕ್ಕೊಂದರಂತೆ ಮೂರು ಸಲ ಬಳಿದರೆ ಸಾಕು.

ಅಲ್ಯೂಮಿನಿಯಂ ಬಣ್ಣ ಹೆಚ್ಚು ಮಿನುಗುವುದರಿಂದ ಹೆಚ್ಚು ತಂಪು ಎಂದು ಬಹಳ ಮಂದಿ ನಂಬಿದ್ದಾರೆ. ನನ್ನ ಆಯ್ಕೆ ಬಿಳಿಯೇ. ಲೋಹದ ಹೊಳಪು ಬಿಸಿಲನ್ನು ಅಟ್ಟುತ್ತದೆ ನಿಜ, ಆದರೆ ತಾನು ಹೀರಿದ ಅಷ್ಟಿಷ್ಟು ಶಾಖವನ್ನು ಹೊರಸೂಸುವಲ್ಲಿ ಜಿಪುಣ. ಬಿಳಿ ಸುಣ್ಣ ಎರಡರಲ್ಲೂ ಧಾರಾಳ, ರಾತ್ರಿಯಿಡೀ ಆಕಾಶಕ್ಕೆ ಶಾಖ ಬಿಡುತ್ತಲೇ ಇರುತ್ತದೆ. ಮೋಡವಿಲ್ಲದ ರಾತ್ರಿ ಈ ಹೊರಸೂಸುವಿಕೆ ಎಷ್ಟು ಜೋರೆಂದರೆ, ಬೆಳಗಿನ ಜಾವ ಹೊಳಪು ಕಳೆದುಕೊಂಡ ಹಳೆಯ ತಗಡಿನ ಶೀಟು ಗಾಳಿಗಿಂತಲೂ ತಣ್ಣಗಾಗಿ ಇಬ್ಬನಿಯಲ್ಲಿ ತೊಯ್ದಿರುತ್ತದೆ. ಹಸಿರು ಶೇಡ್ ನೆಟ್ ಕಟ್ಟುವವರೂ ಇದನ್ನು ನೆನಪಿಡಬೇಕು. ನೆಟ್ ತಾರಸಿಯಿಂದ ಎರಡು ಮೂರು ಅಡಿ ಮೇಲಿರಲಿ, ನಡುವೆ ಗಾಳಿ ಆಡಲಿ. ಹೊತ್ತು ಮುಳುಗಿದ ಮೇಲೆ ಸುತ್ತಿಡಿ, ಇಲ್ಲದಿದ್ದರೆ ಆಕಾಶಕ್ಕೆ ಹೋಗಬೇಕಾದ ಶಾಖಕ್ಕೆ ಅದೇ ಕಂಬಳಿಯಾಗುತ್ತದೆ.

ತಾರಸಿಯ ನೀರು ಸಂಪಿನೊಳಗೆ ಇಳಿಯುವ ಮನೆಯಾದರೆ, ಸುಣ್ಣ ಬಳಿದ ವರ್ಷ ಮೊದಲ ಎರಡು ಮೂರು ಮಳೆಯ ನೀರನ್ನು ಹೊರಗೆ ಬಿಡಿ. ಬಳಿಯುವ ಮುಂಚೆಯೇ ಪೈಪಿನ ಬಾಯಿಗೆ ಬಟ್ಟೆ ಕಟ್ಟಲು ಮರೆಯಬೇಡಿ.