ಶಿರಸಿಯಿಂದ ಗೋಕರ್ಣಕ್ಕೆ, ದೋಣಿ ದಾಟಿ

ಮಸ್ಕತ್‌ನಿಂದ ಹನ್ನೆರಡು ದಿನದ ರಜೆಗೆ ಬಂದಿದ್ದೆ. ಶಿರಸಿಯ ಮನೆಯಲ್ಲಿ ದಿನಾ ನೆಂಟರು, ಮದುವೆ ಊಟ, ಬ್ಯಾಂಕ್ ಕೆಲಸ. ಅಪ್ಪ ತೀರಿಕೊಂಡಾಗ ನನಗೆ ಬರಲು ಆಗಿರಲಿಲ್ಲ. ಎಲ್ಲವನ್ನೂ ತಮ್ಮನೇ ಮಾಡಿದ್ದ. "ಎರಡು ದಿನ ಗೋಕರ್ಣಕ್ಕೆ ಹೋಪನ ತಮಾ" ಎಂದು ಆಯಿ (ಅಮ್ಮ) ಕೇಳಿದಳು. ಯಾಕೆ ಅಂತ ಹೇಳಬೇಕಾಗಿರಲಿಲ್ಲ.

ಕಾರಿನವರು ಕುಮಟಾ, ಮಿರ್ಜಾನ್ ದಾಟಿ ಮಾದನಗೇರಿಯಲ್ಲಿ ತಿರುಗುತ್ತಾರೆ. ನಾವು ಬಸ್ಸಿನಲ್ಲಿ ದೇವಿಮನೆ ಘಟ್ಟ ಇಳಿದೆವು. ಕುಮಟಾಕ್ಕೆ ಸುಮಾರು 60 ಕಿ.ಮೀ. ಮಳೆಗಾಲದಲ್ಲಿ ಈ ಘಟ್ಟದಲ್ಲಿ ಗುಡ್ಡ ಜರಿಯುತ್ತದೆ, ರಸ್ತೆ ಕೆಲಸಕ್ಕೂ ಮುಚ್ಚಿದ್ದುಂಟು. ಹೊರಡುವ ಮುಂಚೆ ಬಸ್ ನಿಲ್ದಾಣದಲ್ಲಿ ವಿಚಾರಿಸಿಬಿಡಿ. ಕುಮಟಾದಿಂದ ರಿಕ್ಷಾ ಮಾಡಿಕೊಂಡು ಅಘನಾಶಿನಿ ಊರಿಗೆ ಹೋದೆವು, ಅಲ್ಲಿಂದ ದೋಣಿಯಲ್ಲಿ ಗೋಕರ್ಣದ ಕಡೆಯ ದಡದಲ್ಲಿರುವ ತದಡಿಗೆ. ಈ ದಾರಿಯನ್ನು ಬಿಡಬೇಡಿ ಅಂತ ಒತ್ತಿ ಹೇಳುತ್ತೇನೆ. ಅಘನಾಶಿನಿ ನದಿ ಹುಟ್ಟುವುದು ನಮ್ಮ ಶಿರಸಿಯ ಶಂಕರ ಹೊಂಡದಲ್ಲಿ. ಎಲ್ಲೂ ಅಣೆಕಟ್ಟಿಲ್ಲದೆ ಹರಿದು ತದಡಿಯಲ್ಲಿ ಸಮುದ್ರ ಸೇರುತ್ತಾಳೆ. "ನಮ್ಮೂರ ನೀರು" ಎಂದು ಆಯಿ ದೋಣಿಯಿಂದ ಕೈ ಇಳಿಬಿಟ್ಟು ಕೂತಿದ್ದಳು. ಬೈಕನ್ನೂ ದೋಣಿಗೆ ಹತ್ತಿಸುತ್ತಾರೆ. ಕತ್ತಲಾದ ಮೇಲೆ ಮಾತ್ರ ದೋಣಿ ನಂಬಿಕೊಂಡು ಬರಬೇಡಿ.

ಗೋಕರ್ಣ ದ್ವೀಪವಲ್ಲ. ಆದರೆ ಉತ್ತರಕ್ಕೆ ಗಂಗಾವಳಿ, ದಕ್ಷಿಣಕ್ಕೆ ಅಘನಾಶಿನಿ, ಪಶ್ಚಿಮಕ್ಕೆ ಸಮುದ್ರ. ನೀರು ದಾಟಿ ಬಂದರೆ ಹೊರಗಿನ ಗಲಾಟೆಯೆಲ್ಲ ಆಚೆ ದಡದಲ್ಲೇ ಉಳಿದ ಹಾಗೆ ಅನಿಸುತ್ತದೆ.

ನಾವು ಮುಟ್ಟಿದ್ದು ಮಧ್ಯಾಹ್ನ ಒಂದೂವರೆಗೆ. ಮಹಾಬಲೇಶ್ವರ ದೇವಸ್ಥಾನದ ಬಾಗಿಲು ಹಾಕಿತ್ತು. ಸಂಜೆಯವರೆಗೆ ಕಾಯಬೇಕಾಯಿತು, ಆಯಿಗೆ ಸುಸ್ತಾಯಿತು. ಹಿರಿಯರು ಜೊತೆಗಿದ್ದರೆ ಬೆಳಿಗ್ಗೆ ಹತ್ತರ ಒಳಗೆ ಮುಟ್ಟುವಂತೆ ಹೊರಡಿ, ಇಲ್ಲವೇ ಮೊದಲು ರೂಮು ಹಿಡಿದು ಮಲಗಿ. ಗಂಡಸರು ಪಂಚೆ ತರಲೇಬೇಕು. ಒಳಗೆ ಅಂಗಿ ತೆಗೆಯಬೇಕು, ಪ್ಯಾಂಟು ನಡೆಯುವುದಿಲ್ಲ. ಮೊದಲು ಗಣಪತಿ, ಆಮೇಲೆ ಮಹಾಬಲೇಶ್ವರ. ರಾವಣನ ಕೈಯಿಂದ ಆತ್ಮಲಿಂಗವನ್ನು ನೆಲಕ್ಕೆ ಇಳಿಸಿದ್ದು ಆ ಗಣಪತಿಯೇ ಅಲ್ವಾ. ಅವನ ತಲೆಯ ಮೇಲೆ ರಾವಣ ಗುದ್ದಿದ ಗುರುತು ಇದೆ ಎನ್ನುತ್ತಾರೆ, ಆಯಿ ಅದನ್ನೇ ಹುಡುಕಿ ನೋಡಿದಳು. ಲಿಂಗ ಪೂರ್ತಿ ಕಾಣುವುದಿಲ್ಲ, ಪೀಠದ ಒಳಗೆ ತುದಿ ಮಾತ್ರ. ಬಾಗಿ ಬೆರಳಲ್ಲಿ ಮುಟ್ಟಿದಾಗ ತಣ್ಣಗಿತ್ತು. ಆ ಒಂದು ಕ್ಷಣಕ್ಕೆ ಎಷ್ಟು ಹೊತ್ತು ಬೇಕಾದರೂ ಕಾಯಬಹುದು.

ತರ್ಪಣಕ್ಕೆ ಬರುವವರಿಗೆ ಮುಖ್ಯವಾದ ಮಾತು. ನಿಮ್ಮ ಮನೆಯ ಪುರೋಹಿತರಿಂದಲೇ ಗೋಕರ್ಣದ ಭಟ್ಟರಿಗೆ ಫೋನ್ ಮಾಡಿಸಿ. ದಕ್ಷಿಣೆ, ಸಾಮಾನು, ಊಟ ಎಲ್ಲ ಸೇರಿ ಎಷ್ಟು ಅಂತ ಮುಂಚೆಯೇ ಕೇಳಿ, ಅದರಲ್ಲಿ ಸಂಕೋಚ ಬೇಡ. ಗೋತ್ರ ಮತ್ತು ಮೂರು ತಲೆಯ ಹೆಸರು ಬರೆದುಕೊಂಡು ಹೋಗಿ. ಅಪ್ಪ, ಅಜ್ಜ ಹೇಳಿದೆ. ಮುತ್ತಜ್ಜನ ಹೆಸರು ಕೇಳಿದಾಗ ನನಗೆ ಬಾಯಿಗೆ ಬರಲಿಲ್ಲ. ಹಿಂದಿನಿಂದ ಆಯಿ ಮೆಲ್ಲಗೆ ಹೇಳಿದಳು. ಪರದೇಶದಲ್ಲಿರುವವರು ಆ ಹೆಸರುಗಳನ್ನು ಇವತ್ತೇ ಮನೆಗೆ ಫೋನ್ ಮಾಡಿ ಕೇಳಿಟ್ಟುಕೊಳ್ಳಿ. ಹೇಳುವವರು ಎಷ್ಟು ವರ್ಷ ಇರುತ್ತಾರೆ? ಕೋಟಿತೀರ್ಥ ಕೆರೆಯ ನೀರು ನನಗೆ ಅಷ್ಟು ಚೊಕ್ಕ ಅನಿಸಲಿಲ್ಲ. ರೂಮಿನಲ್ಲೇ ಮಿಂದು ಅಲ್ಲಿ ಪ್ರೋಕ್ಷಣೆ ಮಾಡಿಕೊಂಡೆವು.

ಕುಡ್ಲೆ, ಓಂ ಬೀಚ್ ಚೆಂದವೇ. ಬಂಡೆಗಳು ಜಾರುತ್ತವೆ, ಅಲೆ ಎಳೆದುಕೊಂಡು ಹೋಗುತ್ತದೆ. ಫೋಟೋಗೆಂದು ಬಂಡೆಯ ತುದಿಗೆ ಹೋಗಬೇಡಿ. ನಮಗೆ ಊರ ಕಡಲತೀರವೇ ಸಾಕಾಯಿತು. ಶನಿವಾರ, ಭಾನುವಾರ ಬಿಟ್ಟು ವಾರದ ನಡುವೆ ಬನ್ನಿ. ಶಿವರಾತ್ರಿಯ ಹೊತ್ತಿಗೆ ರಥೋತ್ಸವ ನೋಡುವ ಆಸೆ ಇದ್ದರೆ ಸರಿ, ಶಾಂತಿ ಬೇಕಿದ್ದರೆ ಆಗ ಬರಬೇಡಿ.

ವಾಪಸ್ ವಿಮಾನ ಗೋವಾದಿಂದಿದ್ದರೆ ಗೋಕರ್ಣ ರೋಡ್ ಸ್ಟೇಷನ್ನಿನಿಂದ ಮಡಗಾಂವ್‌ಗೆ ರೈಲು ಸಿಗುತ್ತದೆ. ಸ್ಟೇಷನ್ ಊರಿನಿಂದ ಸುಮಾರು 10 ಕಿ.ಮೀ. ದೂರ, ರಿಕ್ಷಾ ಮೊದಲೇ ಹೇಳಿಟ್ಟಿರಿ. ಗೋವಾದಲ್ಲಿ ಈಗ ಎರಡು ವಿಮಾನ ನಿಲ್ದಾಣ, ದಾಬೋಲಿಂ ಮತ್ತು ಮೋಪಾ. ಮೋಪಾ ಉತ್ತರದ ತುದಿಯಲ್ಲಿದೆ, ಟಿಕೆಟ್ ನೋಡಿ ಸಮಯ ಲೆಕ್ಕ ಹಾಕಿ. ನನಗಿನ್ನೂ ಆರು ದಿನ ರಜೆ ಇತ್ತು. ಆಯಿಯ ಜೊತೆ ಅದೇ ದೋಣಿಗೆ ಹಿಂತಿರುಗಿದೆ.